ಡೌನ್‌ಲೋಡ್ ಮಾಡೋಕೆ ಮುಂಚೆ

ಫೆಸ್ಟ್ ಹತ್ತಿರ ಬಂತು ಅಂದ್ರೆ ನಮ್ಮ ಡಿಸೈನ್ ಟೀಮ್ ಕೆಲಸ ಗೂಗಲ್‌ನಿಂದಲೇ ಶುರು. ‘ಟ್ರೈಬಲ್ ಆರ್ಟ್’ ಅಂತ ಹುಡುಕೋದು, ಚೆನ್ನಾಗಿ ಕಂಡದ್ದನ್ನು ಇಳಿಸಿಕೊಂಡು ಟೀ ಶರ್ಟ್ ಮೇಲೆ ಹಾಕೋದು. ನಾನೂ ಮಾಡಿದ್ದೇನೆ. ಅದನ್ನು ಬರೆದವರು ಯಾರು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಬಿ. ಮರಿಕಾ ಅವರ ಬಗ್ಗೆ ಓದಿದ ಮೇಲೆ ಕೈ ತಡೆಯಿತು.

ಮರಿಕಾ ಉತ್ತರ ಆಸ್ಟ್ರೇಲಿಯಾದ ಯಿರ್ಕಲಾ ಊರಿನವರು, ಯೋಲ್ಙು ಎಂಬ ಮೂಲನಿವಾಸಿ ಸಮುದಾಯದವರು. ಹುಟ್ಟಿದ್ದು 1954, ತೀರಿಕೊಂಡದ್ದು 2021. ಕುಲದ ಪವಿತ್ರ ಚಿತ್ರಗಳನ್ನು ಗಂಡಸರಷ್ಟೇ ಬರೆಯುತ್ತಿದ್ದ ಕಾಲದಲ್ಲಿ ಅವರ ತಂದೆ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟರು. ಮಗಳು ಲಿನೋಕಟ್ ಅಚ್ಚಿನ ಚಿತ್ರಗಳಿಂದ ಹೆಸರು ಮಾಡಿದರು.

ಅಲ್ಲಿ ಚಿತ್ರ ಅಂದ್ರೆ ಬರೀ ಅಲಂಕಾರ ಅಲ್ಲ, ಯಾವ ನೆಲ ಯಾರದು ಅಂತ ಹೇಳುವ ದಾಖಲೆ. 1963ರಲ್ಲಿ ಬಾಕ್ಸೈಟ್ ಗಣಿಗಾರಿಕೆ ವಿರುದ್ಧ ಯಿರ್ಕಲಾದ ಜನ ಸಂಸತ್ತಿಗೆ ಕಳಿಸಿದ ಮನವಿಯನ್ನು ಮರದ ತೊಗಟೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲದ ಚಿತ್ರಗಳನ್ನು ಬರೆದಿದ್ದರು.

ಮರಿಕಾ ಅವರ ಒಂದು ಚಿತ್ರದಲ್ಲಿ ಉಡಗಳು, ಪವಿತ್ರವಾದ ನೀರಿನ ಹೊಂಡ ಇವೆ. ಒಂದು ಕಂಪನಿ ಅದನ್ನು ಒಂದು ಮಾತೂ ಕೇಳದೆ ವಿಯೆಟ್ನಾಂನಲ್ಲಿ ಕಾರ್ಪೆಟ್ ಮಾಡಿಸಿ ಮಾರಿತು. ಪೂಜ್ಯವಾದದ್ದು ಜನರ ಕಾಲಡಿಗೆ ಬಂತು! ಮೇಲಾಗಿ, ಚಿತ್ರ ಹೀಗೆ ದುರ್ಬಳಕೆಯಾದರೆ ಕುಲದ ಮುಂದೆ ಉತ್ತರ ಕೊಡಬೇಕಾದದ್ದು ಕಲಾವಿದರೇ. ಮರಿಕಾ ಮತ್ತಿತರರು ಕೋರ್ಟಿಗೆ ಹೋದರು. 1994ರಲ್ಲಿ ಫೆಡರಲ್ ಕೋರ್ಟ್ ಸುಮಾರು 1,88,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಅವರ ಸಂಸ್ಕೃತಿಗೆ ಆದ ನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕಂಪನಿ ದಿವಾಳಿಯಾಗಿ ದುಡ್ಡು ಮಾತ್ರ ಕೈಗೆ ಬರಲಿಲ್ಲ. ಆದರೆ ಕದ್ದದ್ದು ಏನು ಅನ್ನೋದು ತೀರ್ಪಿನಲ್ಲಿ ದಾಖಲಾಯಿತು.

“ಕ್ರೆಡಿಟ್ ಹಾಕಿದ್ರೆ ಸಾಕಲ್ವಾ ಮಗಾ?” ಅಂತ ನೀವು ಕೇಳಬಹುದು. ಆ ಕಾರ್ಪೆಟ್‌ಗಳ ಲೇಬಲ್ ಮೇಲೂ ಕಲಾವಿದರಿಗೆ ರಾಯಲ್ಟಿ ಕೊಡುತ್ತೇವೆ ಅಂತ ಬರೆದಿತ್ತು! ಗಿಟ್‌ಹಬ್‌ನಲ್ಲಿ ಲೈಸೆನ್ಸ್ ಇಲ್ಲದ ಕೋಡ್ ಕಂಡರೆ ಅದು ಎಲ್ಲರ ಸ್ವತ್ತಲ್ಲ ಅಂತ ನಮಗೆ ಗೊತ್ತು. ಚಿತ್ರದ ವಿಷಯಕ್ಕೆ ಬಂದರೆ ಮಾತ್ರ ಆ ಬುದ್ಧಿ ಎಲ್ಲಿ ಹೋಗುತ್ತೆ?

ಈ ಸಲ ಫೆಸ್ಟ್‌ಗೆ ಬುಡಕಟ್ಟು ಕಲೆ ಬೇಕಾ? ಬರೆಯುವವರನ್ನೇ ಕ್ಯಾಂಪಸ್ಸಿಗೆ ಕರೆಸೋಣ. ಸೌಂಡ್ ಸಿಸ್ಟಮ್‌ಗೆ ಕೊಡುವ ಹಾಗೆ ಅವರಿಗೂ ದುಡ್ಡು ಕೊಡೋಣ. ಯಾವುದನ್ನು ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಅಂತ ಕೇಳೋಣ. “ಬೇಡ” ಅಂದರೆ ಸುಮ್ಮನಾಗೋಣ.