ಹುಳುವಿನ ಹೆಸರೂ ರೈತನ ಹಣವೂ

ನಮ್ಮ ವಿಜಯನಗರದ ಮನೆಗಳ ಹಿತ್ತಿಲಿನಲ್ಲಿ ತೆಂಗಿನ ಗರಿಗಳು ಮಸಿ ಬಳಿದಂತೆ ಕಪ್ಪಾಗುವುದನ್ನು ವಾಚಕರು ಕೆಲವು ವರ್ಷಗಳಿಂದ ನೋಡುತ್ತ ಬಂದಿರುವರು. ವಾಹನಗಳ ಹೊಗೆಯೆಂದು ಕೆಲವರೂ, ಮರಕ್ಕೆ ತಗುಲಿದ ರೋಗವೆಂದು ಕೆಲವರೂ ಹೇಳುವುದುಂಟು. ಎರಡೂ ಅಲ್ಲ. ಗರಿಯ ಅಡಿಯಲ್ಲಿ ಸುರುಳಿಸುರುಳಿಯಾಗಿ ಮೊಟ್ಟೆಯಿಡುವ ಬಿಳಿನೊಣವೊಂದು ಸುರಿಸುವ ಸಿಹಿಯಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಅಮೆರಿಕ ಖಂಡದಿಂದ ಬಂದ ಈ ನೊಣವು 2016ರಲ್ಲಿ ಪೊಳ್ಳಾಚಿಯ ತೋಟಗಳಲ್ಲಿ ಮೊದಲು ಕಂಡುಬಂದಿತು. ಹೆಸರು ನಿಶ್ಚಯವಾದ ಬಳಿಕ ವಿಜ್ಞಾನಿಗಳು ಹೇಳಿದ್ದೇನೆಂದರೆ, ವಿಷ ಹೊಡೆಯಬೇಡಿರಿ ಎಂದು. ಏಕೆಂದರೆ ಈ ನೊಣದ ಮರಿಯನ್ನು ಒಳಗಿನಿಂದಲೇ ತಿಂದು ಕೊಲ್ಲುವ ಎನ್ಕಾರ್ಸಿಯ ಎಂಬ ಅತಿಸೂಕ್ಷ್ಮ ಕಣಜವೂ ಅದೇ ತೋಟಗಳಲ್ಲಿ ಸೇರಿಕೊಂಡಿತ್ತು. ವಿಷದಿಂದ ಆ ಮಿತ್ರನೂ ಸಾಯುವನು.

ಹೆಸರು ತಿಳಿಯುವುದರ ಬೆಲೆ ಇದು. ನಮ್ಮ ರೈತನಾದರೋ ಎಲೆಯನ್ನು ಹಿಡಿದು ಮೊದಲು ಹೋಗುವುದು ಔಷಧದ ಅಂಗಡಿಗೆ. ಅಲ್ಲಿ ವೈದ್ಯನೂ ಅವನೇ, ವ್ಯಾಪಾರಿಯೂ ಅವನೇ. ನಿದಾನವಿಲ್ಲದೆ ಚಿಕಿತ್ಸೆಯಿಲ್ಲವೆಂದು ನಮ್ಮ ಆಯುರ್ವೇದವು ಸಾರುತ್ತಿರುವಾಗ, ಪೈರಿನ ವಿಷಯದಲ್ಲಿ ಮಾತ್ರ ಚಿಕಿತ್ಸೆಯೇ ಮುಂದು, ನಿದಾನವು ಹಿಂದು.

2018ರ ಸಂಗತಿಯನ್ನು ನೋಡೋಣ. ಆ ವರ್ಷದ ಮೇ ತಿಂಗಳಲ್ಲಿ ಶಿವಮೊಗ್ಗೆಯ ಕಡೆಯ ಮುಸುಕಿನ ಜೋಳದ ಸುಳಿಯಲ್ಲಿ ಹೊಸದೊಂದು ಹುಳು ಕಾಣಿಸಿತು. ನೋಡುವವರಿಗೆ ಅದು ನಮ್ಮ ಹಳೆಯ ಸೈನಿಕ ಹುಳುವಿನಂತೆಯೋ, ಹೊಗೆಸೊಪ್ಪಿನ ಎಲೆ ತಿನ್ನುವ ಹುಳುವಿನಂತೆಯೋ ತೋರುವುದು ಸಹಜವೇ. ಶಿವಮೊಗ್ಗೆಯ ಕೃಷಿ ವಿಶ್ವವಿದ್ಯಾಲಯದ ವಿದ್ವಾಂಸರು ಅದರ ದೇಹಲಕ್ಷಣಗಳನ್ನು ಪರೀಕ್ಷಿಸಿದ್ದಲ್ಲದೆ, ಡಿಎನ್‌ಎಯನ್ನೂ ಓದಿ, ಇದು ಅಮೆರಿಕದ ಫಾಲ್ ಸೈನಿಕ ಹುಳುವೆಂದು ನಿರ್ಣಯಿಸಿದರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಜುಲೈ 30ರಂದು ದೇಶಕ್ಕೇ ಎಚ್ಚರಿಕೆಯನ್ನು ಹೊರಡಿಸಿದರು. 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟಿದ್ದ ಈ ಪಿಡುಗನ್ನು ಏಷ್ಯದಲ್ಲಿ ಮೊದಲು ಗುರುತಿಸಿದ್ದು ಕನ್ನಡನಾಡಿನಲ್ಲಿ, ನಮ್ಮವರೇ, ನಮ್ಮ ಪ್ರಯೋಗಶಾಲೆಗಳಲ್ಲಿಯೇ ಎಂಬುದು ನಮಗೆ ಅಭಿಮಾನದ ವಿಷಯ.

ಈ ಓದುವ ಕ್ರಮವನ್ನು ಡಿಎನ್‌ಎ ಬಾರ್‌ಕೋಡ್ ಎನ್ನುವರು. ಕೆನಡಾ ದೇಶದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟರು 2003ರಲ್ಲಿ ಇದನ್ನು ಪ್ರತಿಪಾದಿಸಿದರು. ಕೀಟದ ಒಂದು ಕಾಲು, ಒಂದು ಮೊಟ್ಟೆ ಸಿಕ್ಕಿದರೂ ಸಾಕು. ಅದರ ಜೀವಕೋಶದಲ್ಲಿರುವ ಒಂದು ನಿರ್ದಿಷ್ಟ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿ, ದಾಖಲೆಯಲ್ಲಿರುವ ಪಾಠಗಳೊಡನೆ ತಾಳೆ ನೋಡುವರು. ಹುಳುವಿನ ಗೋತ್ರಪ್ರವರ ಕೇಳಿದಂತೆಯೇ ಸರಿ. ಬೂಷ್ಟುರೋಗಗಳಿಗೆ ಬೇರೊಂದು ಭಾಗವನ್ನು 2012ರಲ್ಲಿ ಗೊತ್ತುಮಾಡಿದ್ದಾರೆ. ವೈರಸ್ಸುಗಳಿಗೆ ಇಂಥ ಒಂದೇ ಸಾಮಾನ್ಯ ಗುರುತು ಇಲ್ಲ.

ಇದನ್ನು ಮಂತ್ರದಂಡವೆಂದು ನಾವು ಭಾವಿಸಿಲ್ಲ. ಫಾಲ್ ಸೈನಿಕ ಹುಳುವಿನಲ್ಲಿ ಜೋಳದ ತಳಿ, ಭತ್ತದ ತಳಿ ಎಂದು ಎರಡುಂಟು. ನಮ್ಮಲ್ಲಿ ಬಂದ ಹುಳುಗಳು ಬಾರ್‌ಕೋಡಿನ ಪ್ರಕಾರ ಬಹುಮಟ್ಟಿಗೆ ಭತ್ತದ ತಳಿಯವೆಂದು ತೋರಿದವು. ಇನ್ನೊಂದು ವಂಶವಾಹಿಯನ್ನು ಓದಿದಾಗ ಜೋಳದ ತಳಿಯವೆಂದು ತೋರಿದವು. ಕಾವೇರಿಯ ನಾಲೆಗಳ ಕೆಳಗಿನ ರೈತನಿಗೆ ಇದು ಸಣ್ಣ ಭೇದವಲ್ಲ. ಕೀಟವನ್ನು ಕಣ್ಣಾರೆ ಕಂಡು ಬಲ್ಲ ಪಂಡಿತನ ಅಗತ್ಯವು ಯಂತ್ರ ಬಂದ ಮಾತ್ರಕ್ಕೆ ತಪ್ಪಲಿಲ್ಲ.

ಹಳೆಯ ಮೈಸೂರು ಸಂಸ್ಥಾನವು ಈ ತತ್ತ್ವವನ್ನು ನೂರು ವರ್ಷಕ್ಕೂ ಹಿಂದೆಯೇ ಅರಿತಿತ್ತು. 1908ರಲ್ಲಿ ಇಲ್ಲಿಗೆ ಬಂದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಕಾರಣವೆಂದು 1910ರಲ್ಲಿ ತೋರಿಸಿಕೊಟ್ಟು, ಮೈಲುತುತ್ತ ಸುಣ್ಣಗಳ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಅವರಿಟ್ಟ ಹೆಸರನ್ನು ಮುಂದಿನವರು ತಿದ್ದಿರುವರು. ದ್ರಾವಣ ಮಾತ್ರ ಇಂದಿಗೂ ತೋಟದಲ್ಲಿದೆ. ಪರಂಗಿಗೂ ಹಿಪ್ಪುನೇರಳೆಗೂ 2008ರಿಂದ ಮುತ್ತಿದ ಹಿಟ್ಟುತಿಗಣೆಯು ಇಂಥದೇ ಎಂದು ತಿಳಿದುದರಿಂದಲೇ, ಅದರ ವೈರಿಯಾದ ಕಣಜವನ್ನು 2010ರಲ್ಲಿ ಪೋರ್ಟರಿಕೊದಿಂದ ತರಿಸಿ ಬಿಡಲು ಸಾಧ್ಯವಾಯಿತು. ರೇಷ್ಮೆಯ ಈ ಸೀಮೆಗೆ ಅದರಿಂದಾದ ಉಪಕಾರ ಅಲ್ಪವಲ್ಲ.

ಹೀಗಿರಲು ಸರ್ಕಾರದವರನ್ನು ನಾವು ಕೇಳುವುದು ಎರಡು ಮಾತು. ತಾಳೆ ನೋಡುವ ಪಾಠಗಳ ದೊಡ್ಡ ಭಂಡಾರವು ಕೆನಡಾದಲ್ಲಿದೆ. ಯಾರೂ ದಾಖಲಿಸದ ನಮ್ಮ ಹೊಲದ ಕೀಟವನ್ನು ಆ ಭಂಡಾರವು ಗುರುತಿಸಲಾರದು. ನಮ್ಮ ಕೀಟಗಳ ದಾಖಲೆಯನ್ನು ನಮ್ಮವರೇ, ಜಿಲ್ಲೆಜಿಲ್ಲೆಯಿಂದ ಸಂಗ್ರಹಿಸಿ ಪೂರ್ಣಮಾಡಲಿ, ಅದಕ್ಕೆ ಬೇಕಾದ ಪಂಡಿತರ ಹುದ್ದೆಗಳನ್ನು ತುಂಬಲಿ. ಎರಡನೆಯದಾಗಿ, ಹುಣಸೂರಿನ ಅಥವಾ ನಂಜನಗೂಡಿನ ರೈತನೊಬ್ಬ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟ ಹುಳುವಿನ ಹೆಸರು ಅವನ ಕೈಗೆ ಮರಳುವುದಕ್ಕೆ ಎಷ್ಟು ದಿನ ಹಿಡಿಯುತ್ತದೆಂಬುದನ್ನು ಕೃಷಿ ಇಲಾಖೆಯವರು ತಾಲ್ಲೂಕುವಾರು ಪ್ರಕಟಿಸಲಿ. ಮುಸುಕಿನ ಜೋಳದ ಸುಳಿಯನ್ನು ಹುಳು ಹೊಕ್ಕ ಮೇಲೆ ಎರಡು ಮೂರು ವಾರಗಳಲ್ಲಿ ಅದು ಮಣ್ಣಿಗಿಳಿದು ಕೋಶವಾಗುತ್ತದೆ. ಉತ್ತರವು ಅದಕ್ಕಿಂತ ಮೊದಲು ಬರುತ್ತಿದೆಯೆ?