ಅಪ್ಪನ ಕಸುಬು, ಮಗಳ ಉದ್ಯಮ

ಕಳೆದ ಭಾನುವಾರ ಬೆಳಗಿನ ಕಾಫಿಯ ವೇಳೆಗೆ ಹಳೆಯ ಮಿತ್ರರೊಬ್ಬರು ನಮ್ಮ ಮನೆಗೆ ಬಂದರು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಮುಖದಲ್ಲಿ ಎಂದಿನ ಗೆಲುವಿರಲಿಲ್ಲ. ಲೋಟವನ್ನು ಕೈಗೆತ್ತಿಕೊಳ್ಳುವ ಮೊದಲೇ ದೂರು ಹೊರಬಿದ್ದಿತು.

"ನಮ್ಮ ಹುಡುಗಿ ಕೆಲಸಕ್ಕೆ ರಾಜೀನಾಮೆ ಕೊಡುತ್ತಾಳಂತೆ. ಸಿರಿಧಾನ್ಯದ ತಿಂಡಿ ಮಾಡಿ ಮಾರುತ್ತಾಳಂತೆ. ನಮ್ಮ ವಂಶದಲ್ಲಿ ತಕ್ಕಡಿ ಹಿಡಿದವರು ಯಾರಿದ್ದಾರೆ, ಹೇಳಿ ಸ್ವಾಮಿ? ಅವಳಿಗೆ ಕೊಡಲು ನನ್ನಲ್ಲಿ ಬಂಡವಾಳವಾದರೂ ಎಲ್ಲಿದೆ?"

ತಿಂಗಳ ಸಂಬಳವನ್ನು ನಂಬಿ ಬಾಳಿದ ನಮ್ಮಂಥವರ ಮನೆಗಳಿಗೆ ಈ ಮಾತು ಹೊಸದಲ್ಲ. ಮಿತ್ರರ ಭಯ ಹುಸಿಯೆಂದೂ ನಾನು ಹೇಳಲಾರೆ. ವ್ಯಾಪಾರಕ್ಕಿಳಿದು ಕೈ ಸುಟ್ಟುಕೊಂಡವರು ಪ್ರತಿ ಬೀದಿಯಲ್ಲಿಯೂ ಉಂಟು. ಆದರೆ ತಂದೆತಾಯಿಗಳು ಮಕ್ಕಳಿಗೆ ಕೊಡಬಹುದಾದ ಬಂಡವಾಳ ಹಣವೊಂದೇ ಅಲ್ಲ. ಇದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವಿದೆ.

ರಸೇಂದ್ರ ಮಜುಂದಾರರು ಗುಜರಾತಿ ಮನೆತನದವರು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಂಸ್ಥೆಯಲ್ಲಿ ಬಿಯರ್ ತಯಾರಿಕೆಯ ಮುಖ್ಯ ತಜ್ಞರಾಗಿದ್ದರು. ಬಿಯರ್ ಎಂದೊಡನೆ ಮೂಗು ಮುರಿಯುವ ವಾಚಕರು ಒಂದಿಷ್ಟು ತಾಳಬೇಕು. ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುತ್ತದೆಯಷ್ಟೆ? ಕಣ್ಣಿಗೆ ಕಾಣದ ಜೀವಿಗಳ ಆ ಕೆಲಸವನ್ನೇ ಹುದುಗುವಿಕೆ ಎನ್ನುತ್ತಾರೆ. ಮಜುಂದಾರರ ಕಸುಬು ಅದೇ ಶಾಸ್ತ್ರದ ಒಂದು ಶಾಖೆ.

ಅವರ ಮಗಳು ಕಿರಣ್, 1953ರಲ್ಲಿ ಜನಿಸಿದವರು. ವೈದ್ಯೆಯಾಗಬೇಕೆಂಬುದು ಆಕೆಯ ಹಂಬಲ. ಆ ಬಾಗಿಲು ತೆರೆಯಲಿಲ್ಲ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು ನಿಂತಾಗ, ಮುಂದೇನೆಂಬ ಪ್ರಶ್ನೆ ಎದುರಾಯಿತು. ಹುಡುಗಿಗೊಂದು ವರ ನೋಡಿದರಾಯಿತು ಎಂದು ನಿಶ್ಚಿಂತರಾಗುವ ತಂದೆಯರಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಮಜುಂದಾರರಾದರೋ ತಮ್ಮ ವಿದ್ಯೆಯನ್ನೇ ಕಲಿಯಬಾರದೇಕೆಂದು ಮಗಳಿಗೆ ಸೂಚಿಸಿದರು. ಅದುವರೆಗೆ ಗಂಡಸರದೇ ಎನಿಸಿದ್ದ ಕಸುಬನ್ನು ಮಗಳ ಮುಂದೆ ತೆರೆದಿಡಲು ಆ ತಂದೆ ಹಿಂಜರಿಯಲಿಲ್ಲ. ಆಕೆ ಆಸ್ಟ್ರೇಲಿಯದ ಬ್ಯಾಲರಾಟಿಗೆ ಹೋದರು. ತರಗತಿಯಲ್ಲಿದ್ದ ಒಬ್ಬಳೇ ಹೆಣ್ಣುಮಗಳಾಗಿದ್ದು, ಎಲ್ಲರಿಗಿಂತ ಮೊದಲಿಗರಾಗಿ ತೇರ್ಗಡೆ ಹೊಂದಿದರು.

ವಿದ್ಯೆಯೇನೋ ಕೈಸೇರಿತು, ಸ್ವದೇಶದಲ್ಲಿ ಅದಕ್ಕೆ ತಕ್ಕ ಹುದ್ದೆ ಮಾತ್ರ ದೊರೆಯಲಿಲ್ಲ. ಹೆಣ್ಣಿಗೆ ಈ ಕೆಲಸ ಒಪ್ಪುವುದಿಲ್ಲವೆಂಬುದೇ ಉತ್ತರ. ಅಂಥ ಹೊತ್ತಿನಲ್ಲಿ ಐರ್ಲೆಂಡಿನ ಉದ್ಯಮಿಯೊಬ್ಬರು ಪಾಲುದಾರಿಕೆಗೆ ಕರೆದರು. 1978ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕಿರಣ್ 'ಬಯೋಕಾನ್ ಇಂಡಿಯಾ'ವನ್ನು ಆರಂಭಿಸಿದರು. ಕೈಯಲ್ಲಿದ್ದ ಮೂಲಧನ 10,000 ರೂಪಾಯಿ. ಮೊದಮೊದಲ ಸರಕುಗಳಲ್ಲೊಂದು ಪರಂಗಿ ಕಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ. ಬಿಯರನ್ನು ತಿಳಿಗೊಳಿಸಲು ಅದು ಬೇಕು. ತಂದೆಯ ಕಸುಬಿಗೆ ಬೇಕಾದ ವಸ್ತುವೇ ಮಗಳ ಉದ್ಯಮಕ್ಕೆ ಅಸ್ತಿಭಾರವಾಯಿತು.

ಕಥೆ ಇಲ್ಲಿಗೆ ಬಂದಾಗ ನಾನು ಮಿತ್ರರನ್ನು ಕೇಳಿದೆ: "ಒತ್ತೆಯಿಡಲು ಆಸ್ತಿಯಿಲ್ಲದ ಇಪ್ಪತ್ತೈದರ ಹುಡುಗಿ, ಯಾರೂ ಕೇಳರಿಯದ ವ್ಯಾಪಾರ. ಸಾಲಕ್ಕೆ ಬಂದಿದ್ದರೆ ನೀವು ಕೊಡುತ್ತಿದ್ದಿರಾ?"

ಅವರು ನಕ್ಕುಬಿಟ್ಟರು. "ಖಂಡಿತ ಇಲ್ಲ."

ಆಕೆಯನ್ನೂ ಬ್ಯಾಂಕುಗಳು ಮೊದಲು ಬರಿಗೈಯಲ್ಲಿಯೇ ಕಳುಹಿಸಿದ್ದವು. ಆದರೂ ಕೆಲಸ ನಿಲ್ಲಲಿಲ್ಲ. 2004ರಲ್ಲಿ ಆ ಸಂಸ್ಥೆಯ ಷೇರುಗಳು ಪೇಟೆಗೆ ಬಂದ ದಿನವೇ ಅದರ ಒಟ್ಟು ಮೌಲ್ಯ ನೂರು ಕೋಟಿ ಡಾಲರನ್ನು ದಾಟಿತು. ಅದೇ ವರ್ಷ ಯೀಸ್ಟಿನ ನೆರವಿನಿಂದ ತಯಾರಿಸಿದ ಇನ್ಸುಲಿನನ್ನೂ ಸಂಸ್ಥೆ ಮಾರುಕಟ್ಟೆಗೆ ತಂದಿತು. ಬಿಯರನ್ನು ಹುದುಗಿಸುವುದೂ ಯೀಸ್ಟೇ ಅಲ್ಲವೇ? ವೈದ್ಯೆಯಾಗಲಾರದ ಮಗಳು, ತಂದೆ ತೋರಿದ ಹಾದಿಯಲ್ಲಿ ನಡೆದು ರೋಗಿಗಳ ಮನೆಗೆ ಔಷಧವನ್ನು ತಲುಪಿಸಿದಳು.

ಹೀಗೆಂದು ಪ್ರತಿಯೊಬ್ಬ ತಂದೆಯೂ ಮಗುವನ್ನು ತನ್ನ ಕಸುಬಿಗೇ ಕಟ್ಟಿಹಾಕಬೇಕೆಂದು ನನ್ನ ಅಭಿಪ್ರಾಯವಲ್ಲ. ಮಜುಂದಾರರು ಹಾದಿಯನ್ನು ತೋರಿಸಿದರು. ಅದು ಎಲ್ಲಿಗೆ ಮುಟ್ಟಬೇಕೆಂದು ಗೆರೆ ಎಳೆಯಲಿಲ್ಲ. ನಮ್ಮಲ್ಲಿ ಅನೇಕರು ಕಚೇರಿಯ ಕೆಲಸವನ್ನು ಕಚೇರಿಯಲ್ಲಿಯೇ ಬಿಟ್ಟು ಬರುತ್ತೇವೆ; ಮನೆಗೆ ತರುವುದು ಅದರ ದಣಿವನ್ನು ಮಾತ್ರ. ಅಪ್ಪ ಏನು ಬಲ್ಲರು, ಅಮ್ಮ ಏನು ಬಲ್ಲರು ಎಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲ. ತಿಂಗಳ ಖರ್ಚನ್ನು ಪೈಸೆ ಪೈಸೆಯಾಗಿ ತೂಗಿಸುವ ಗೃಹಿಣಿಯ ಜಾಣ್ಮೆಯೂ ಒಂದು ವಿದ್ಯೆಯೆಂದು ನಾವು ಅವರಿಗೆ ಹೇಳಿದ್ದೇವೆಯೇ?

"ಮೂವತ್ತೆರಡು ವರ್ಷ ಪರರ ಅಂಗಡಿಗಳ ಲೆಕ್ಕ ನೋಡಿದಿರಿ," ಎಂದೆ. "ಯಾವ ವ್ಯಾಪಾರ ಏತಕ್ಕೆ ಮುಳುಗಿತು, ಯಾವುದು ಏತಕ್ಕೆ ಉಳಿಯಿತು ಎಂಬುದನ್ನು ನಿಮಗಿಂತ ಬಲ್ಲವರಾರು? ಅದನ್ನು ಮಗಳಿಗೆ ಎಂದಾದರೂ ಹೇಳಿದ್ದೀರಾ?"

ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಕಾಫಿ ಆರಿಹೋಗಿತ್ತು, ನನ್ನಾಕೆ ಮತ್ತೊಮ್ಮೆ ಬಿಸಿಮಾಡಿ ತಂದಳು. ಹೊರಡುವಾಗ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಕೇಳಿದರು:

"ಉದ್ದನೆಯ ಲೆಕ್ಕದ ಪುಸ್ತಕ, ಹಿಂದಿನ ಕಾಲದಂಥದು, ಈಗಲೂ ಚಿಕ್ಕಪೇಟೆಯಲ್ಲಿ ಸಿಕ್ಕೀತೇ?"

ಸಿಗಬಹುದೆಂದೆ. ಭಾನುವಾರವಾದ್ದರಿಂದ ಅಂಗಡಿ ತೆರೆದಿರಲಾರದೆಂದು ಹೇಳುವಷ್ಟರಲ್ಲಿ ಅವರು ಬೀದಿಯ ತಿರುವನ್ನು ದಾಟಿದ್ದರು.