ಇಂಗ್ಲಿಷ್ ಪಾಠದಲ್ಲಿ ಕೃದಂತವೂ ಕರ್ಮಣಿಯೂ

ನಮ್ಮ ಗ್ರಾಮಾಂತರ ಪ್ರೌಢಶಾಲೆಗಳ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಹಿಂದುಳಿಯಲು ಶಬ್ದಸಂಪತ್ತಿನ ಕೊರತೆಯೇ ಕಾರಣವೆಂಬ ಮಾತು ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಶಬ್ದಗಳೆಲ್ಲ ತಿಳಿದಿದ್ದೂ ವಾಕ್ಯ ಕೆಡುವ ಸ್ಥಳಗಳುಂಟು. ಅವುಗಳಲ್ಲಿ ಒಂದು, ಕೃದಂತವನ್ನು ಬಳಸಬೇಕೋ ಕರ್ಮಣಿ ಕ್ರಿಯಾಪದವನ್ನು ಬಳಸಬೇಕೋ ಎಂಬ ಆಯ್ಕೆ. 'ಬಿಲ್ಟ್', 'ಕ್ಲೋಸ್ಡ್', 'ರಿಟನ್' ಮೊದಲಾದ ರೂಪಗಳು ಎರಡೂ ಕಡೆ ಬರುವುದರಿಂದ ತೊಡಕು ಸಹಜವೇ. ಆದರೆ ಅದನ್ನು ಬಿಡಿಸುವ ಸಾಧನವು ಮಕ್ಕಳ ಮನೆಮಾತಿನಲ್ಲಿಯೇ ಇದೆ. ಅದನ್ನು ತರಗತಿಯ ಹೊರಗಿರಿಸಿ ಪಾಠ ಹೇಳುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳೋಣ. 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟನ್ನು ಕುರಿತು ಬರೆಯಹೇಳಿದರೆ, 'ದಿ ಡ್ಯಾಮ್ ವಾಸ್ ಬಿಲ್ಟ್ ಅಕ್ರಾಸ್ ದಿ ವೇದಾವತಿ ಗಿವ್ಸ್ ವಾಟರ್ ಟು ಹಿರಿಯೂರು' ಎಂಬಂಥ ವಾಕ್ಯ ಬರುವುದುಂಟು. ಒಂದೇ ವಾಕ್ಯದಲ್ಲಿ ಎರಡು ಪೂರ್ಣಕ್ರಿಯೆಗಳು! 'ವಾಸ್' ಎಂಬುದನ್ನು ತೆಗೆದರೆ ವಾಕ್ಯ ಶುದ್ಧ. ಅದೇ ವಿದ್ಯಾರ್ಥಿಯು ಕನ್ನಡದಲ್ಲಿ 'ವೇದಾವತಿಗೆ ಅಡ್ಡಲಾಗಿ ಕಟ್ಟಿದರು ಅಣೆಕಟ್ಟು ನೀರು ಕೊಡುತ್ತದೆ' ಎಂದು ಎಂದಾದರೂ ಬರೆದಾನೆಯೇ? 'ಕಟ್ಟಿದ ಅಣೆಕಟ್ಟು' ಎಂದೇ ಬರೆಯುವನು. 'ಕಟ್ಟಿದ' ಎಂಬುದು ಮುಂದೆ ಒಂದು ನಾಮಪದವನ್ನು ಬೇಡುತ್ತದೆ. 'ಕಟ್ಟಿದರು' ಎಂದೊಡನೆ ಮಾತು ಮುಗಿಯುತ್ತದೆ. ಇಲ್ಲಿ ಮನಸ್ಸಿನಲ್ಲಿರುವುದು 'ಕಟ್ಟಿದ' ಎಂಬುದೋ 'ಕಟ್ಟಿದರು' ಎಂಬುದೋ ಎಂದು ಅಧ್ಯಾಪಕರು ಕೇಳಿದರೆ ಸಾಕು. ಮೊದಲನೆಯದಕ್ಕೆ 'ಬಿಲ್ಟ್', ಎರಡನೆಯದಕ್ಕೆ 'ವಾಸ್ ಬಿಲ್ಟ್'.

ಹೀಗೆ ಕೇಳುವ ಬದಲು ನಾವು 'ಕಟ್ಟಲ್ಪಟ್ಟ', 'ಕಟ್ಟಲ್ಪಟ್ಟಿತು' ಎಂದು ಹೇಳಿಕೊಡುತ್ತೇವೆ. ಈ 'ಪಡು' ಪ್ರಯೋಗ ಅಶುದ್ಧವೆಂದು ನಾನು ಹೇಳುವುದಿಲ್ಲ. ಕಿಟ್ಟೆಲ್ ಅವರ 1903ರ ವ್ಯಾಕರಣದಲ್ಲಿಯೂ ಅದಕ್ಕೆ ಸ್ಥಾನವುಂಟು. ಆದರೆ ತಾಳ್ಯ ಹೋಬಳಿಯ ಯಾವ ಮನೆಯಲ್ಲಿ 'ಅಡಿಕೆ ಸುಲಿಯಲ್ಪಟ್ಟಿತು' ಎನ್ನುತ್ತಾರೆ? 'ಅಡಿಕೆ ಸುಲಿದರು' ಎನ್ನುತ್ತಾರೆ, ಇಲ್ಲವೆ 'ಸುಲಿದಾಯಿತು' ಎನ್ನುತ್ತಾರೆ. ಕಿವಿಗೆ ಬೀಳದ ಕನ್ನಡದಿಂದ ತಿಳಿಯದ ಇಂಗ್ಲಿಷನ್ನು ವಿವರಿಸಿದರೆ ಮಗುವಿಗೆ ಕಷ್ಟ ಇಮ್ಮಡಿಯಾಗುತ್ತದೆ.

ಒಂದು ಎಚ್ಚರ ಮಾತ್ರ ಅಗತ್ಯ. ಕನ್ನಡದ ಕೃದಂತ ಬಹು ಉದಾರಿ. 'ಸುಲಿದ ಅಡಿಕೆ', 'ಅಡಿಕೆ ಸುಲಿದ ಹುಡುಗಿ', 'ಅಡಿಕೆ ಸುಲಿದ ಕತ್ತಿ', 'ಅಡಿಕೆ ಸುಲಿದ ಅಂಗಳ' ಎಂಬ ನಾಲ್ಕಕ್ಕೂ ಅದು ಒಂದೇ ರೂಪದಲ್ಲಿ ಒದಗುತ್ತದೆ. ಇಂಗ್ಲಿಷಿನ 'ಪೀಲ್ಡ್' ಅಡಿಕೆಗೆ ಮಾತ್ರ ಸಲ್ಲುತ್ತದೆ. ಹುಡುಗಿಗೆ 'ಹೂ', ಕತ್ತಿಗೆ 'ವಿತ್ ವಿಚ್', ಅಂಗಳಕ್ಕೆ 'ವೇರ್' ಬೇಕು. 'ದಿ ಪೀಲ್ಡ್ ಗರ್ಲ್' ಎಂದರೆ ಆಗುವ ಅನರ್ಥವನ್ನು ತರಗತಿಯಲ್ಲಿ ಒಮ್ಮೆ ಹೇಳಿ ನಗಿಸಿದರೆ ಮಕ್ಕಳು ಅದನ್ನು ಮರೆಯಲಾರರು.

ಕನ್ನಡವೇ ಹೆಚ್ಚು ಸ್ಪಷ್ಟವಾಗಿರುವ ಸ್ಥಳಗಳೂ ಇವೆ. 'ದಿ ಶಾಪ್ ವಾಸ್ ಕ್ಲೋಸ್ಡ್ ಅಟ್ ನೈನ್' ಎಂಬುದಕ್ಕೆ ಎರಡು ಅರ್ಥ: ಒಂಬತ್ತಕ್ಕೆ ಹೋದಾಗ ಅಂಗಡಿ ಮುಚ್ಚಿತ್ತು, ಒಂಬತ್ತಕ್ಕೆ ಅಂಗಡಿಯನ್ನು ಮುಚ್ಚಿದರು. ಮೊದಲನೆಯದು ಸ್ಥಿತಿ, ಅಲ್ಲಿ 'ಕ್ಲೋಸ್ಡ್' ವಿಶೇಷಣದಂತೆ ನಿಂತಿದೆ. ಎರಡನೆಯದು ಕ್ರಿಯೆ, ನಿಜವಾದ ಕರ್ಮಣಿ. 'ಬೈ ದಿ ಓನರ್' ಎಂದು ಸೇರಿಸಿ ನೋಡಿದರೆ ಎರಡನೆಯ ಅರ್ಥವೇ ಉಳಿಯುತ್ತದೆ. ಇಂಗ್ಲಿಷ್ ವೈಯಾಕರಣರು ಇಂಥ ಪರೀಕ್ಷೆಗಳಿಂದ ಬೇರ್ಪಡಿಸುವುದನ್ನು ನಮ್ಮ ಮಗು 'ಮುಚ್ಚಿತ್ತು', 'ಮುಚ್ಚಿದರು' ಎಂದು ಲೀಲಾಜಾಲವಾಗಿ ಬೇರ್ಪಡಿಸುತ್ತದೆ. (ನಮ್ಮ ಕಚೇರಿಗಳ 'ಮುಚ್ಚಲಾಗಿದೆ' ಮಾತ್ರ ಇಂಗ್ಲಿಷಿನಷ್ಟೇ ಮಬ್ಬು!)

ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಒಂದು ಶಬ್ದವೂ ಕೇಳಿಬರಬಾರದೆಂಬ ಹಿರಿಯ ಅಧ್ಯಾಪಕರಿದ್ದಾರೆ. ಸಂಭಾಷಣೆಯ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆಯುವ ಪಟ್ಟಣದ ಮಗುವಿಗೆ ಒಗ್ಗಿದ ಈ ನಿಯಮ, ಶಾಲೆಯ ಹೊರಗೆ ಆ ಭಾಷೆಯನ್ನೇ ಕೇಳದ ಕೂಲಿಕಾರರ ಮಗುವಿಗೆ ಅನ್ಯಾಯವನ್ನೇ ಮಾಡುತ್ತದೆ. ಆ ಮಗು ತಾನು ಬಲ್ಲ ಭಾಷೆಯ ಮೂಲಕವೇ ವ್ಯಾಕರಣವನ್ನು ಅರಿಯಬೇಕು. ಡಿ. ಎನ್. ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಗ್ರಂಥವನ್ನು ಪ್ರಕಟಿಸಿದರು. ಆಡುವ ಕನ್ನಡದ ರಚನೆಯನ್ನು ಅದರದೇ ದೃಷ್ಟಿಯಿಂದ ಕಂಡರೆ, ಇಂಗ್ಲಿಷ್ ಕಲಿಸುವವರಿಗೂ ಉಪಕಾರವಾಗುವುದೆಂದು ನಾನು ಸೇರಿಸುತ್ತೇನೆ.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ವರ್ಷಾರಂಭದಲ್ಲಿ ಕೆಲವು ದಿನ ಒಟ್ಟಿಗೆ ಕುಳಿತು ಕೆರೆ, ತೋಟ, ಸಂತೆಗಳ ವಿಷಯವಾಗಿ ನೂರು ಜೋಡಿವಾಕ್ಯಗಳನ್ನು ಸಿದ್ಧಪಡಿಸಲಿ. ಅವನ್ನು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸುವ ಭಾರವನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಹಿಸಿಕೊಳ್ಳಬಹುದು. ರಾಮನಿಂದ ರಾವಣನನ್ನು ಕೊಲ್ಲಿಸುವ ಯಾಂತ್ರಿಕ ಪ್ರಯೋಗಪಲ್ಲಟದ ಅಭ್ಯಾಸಕ್ಕೆ ಆ ಪುಸ್ತಿಕೆಯಲ್ಲಿ ಒಂದು ಪುಟಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ.